ಗೂಡು ಅಂದರೆ ನಮಗೆ ರೇಷ್ಮೆ ಗೂಡೇ

ಶಿಡ್ಲಘಟ್ಟದಲ್ಲಿ ಗೂಡು ಅಂದರೆ ರೇಷ್ಮೆ ಗೂಡು, ಇನ್ನೇನೂ ಅಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮಗಳ ಬೆನ್ನಿನ ಸಿಟಿ ಸ್ಕ್ಯಾನ್ ಮುಂದೆ ಕೂತಾಗ ಆ ಮಾತು ಬೇರೆ ಥರ ಕೇಳಿಸಿತು.

ಅವಳಿಗೆ ಆಗ 11 ವರ್ಷ. ನೋವು ಶುರುವಾಗಿ ಏಳು ತಿಂಗಳಾಗಿತ್ತು. ಹಗಲು ಹೇಗೋ ಓಡಾಡಿಕೊಂಡಿರುತ್ತಿದ್ದಳು, ರಾತ್ರಿ ಎರಡು ಗಂಟೆಗೆ ಎದ್ದು ಕೂತು ಸೊಂಟ ಹಿಡಿದುಕೊಂಡು ಅಳುತ್ತಿದ್ದಳು. ನಾನು ರೀಲಿಂಗ್, ಅಂದರೆ ಗೂಡಿನಿಂದ ನೂಲು ತೆಗೆಯುವ ಕೆಲಸ, ಮಾಡುವವನು, ಬೆಳಗ್ಗೆ ಮಾರ್ಕೆಟ್ಟಿಗೆ ಹೋಗಿ ಹರಾಜಿನಲ್ಲಿ ಗೂಡು ಹಿಡಿಯಬೇಕು, ನಿದ್ದೆ ಕೆಟ್ಟರೆ ಸಿಟ್ಟು ಬರುತ್ತಿತ್ತು. ಸ್ಕೂಲ್ ತಪ್ಪಿಸೋಕೆ ನಾಟಕ ಅಂತ ಎರಡು ಸಲ ಗದರಿದ್ದೇನೆ. ಬರೆಯೋಕೂ ನಾಚಿಕೆ.

ಸ್ಕೂಲ್ ಬ್ಯಾಗ್ ಭಾರ ಅಂದರು. ಅಜ್ಜಿ ದೃಷ್ಟಿ ತೆಗೆದರು. ಅಷ್ಟರಲ್ಲಿ ಅವಳು ಎಡಕ್ಕೆ ವಾಲಿ ನಡೆಯತೊಡಗಿದಳು. ಎಕ್ಸ್‌ರೇ ತೆಗೆಸಿದರೆ ಬೆನ್ನುಮೂಳೆ ಸೊಟ್ಟ ಇದೆ ಅನ್ನೋದು ಬಿಟ್ಟು ಬೇರೇನೂ ಕಾಣಲಿಲ್ಲ. ಒಬ್ಬ ಡಾಕ್ಟರ್ ಬೆಲ್ಟ್ ಹಾಕಿ ಅಂದರು, ಇನ್ನೊಬ್ಬರು ಟಿಬಿ ಇರಬಹುದು ಅಂತ ರಕ್ತ ಪರೀಕ್ಷೆ ಬರೆದುಕೊಟ್ಟರು.

ಬೆಂಗಳೂರಿನ ಡಾಕ್ಟರ್ ಮಾತ್ರ ಫೈಲ್ ಪಕ್ಕಕ್ಕಿಟ್ಟು ಅವಳನ್ನೇ ಕೇಳಿದರು. "ಯಾವಾಗ ಜಾಸ್ತಿ ನೋಯುತ್ತೆ ಪುಟ್ಟಿ?" ರಾತ್ರಿ ಅಂದಳು. "ಏನು ಕೊಟ್ಟರೆ ಕಡಿಮೆ ಆಗುತ್ತೆ?" ಮೆಡಿಕಲ್ ಸ್ಟೋರಿನಿಂದ ತಂದ ಐಬುಪ್ರೊಫೆನ್ ಸ್ಟ್ರಿಪ್ಪನ್ನು ನನ್ನ ಹೆಂಡತಿ ಪರ್ಸಿನಿಂದ ತೆಗೆದು ತೋರಿಸಿದಳು, ಇದು ಕೊಟ್ಟರೆ ಅರ್ಧ ಗಂಟೆಯಲ್ಲಿ ಮಲಗುತ್ತಾಳೆ ಸಾರ್ ಅಂತ. ನಾವು ಏಳು ತಿಂಗಳು ಸುಮ್ನೆ ನೋವಿನ ಮಾತ್ರೆ ಅಂದುಕೊಂಡಿದ್ದೇ ಅವರಿಗೆ ಸುಳಿವಾಯಿತು.

ಮಕ್ಕಳ ಬೆನ್ನು ಸುಮ್ನೆ ಸೊಟ್ಟ ಆದರೆ ಸಾಮಾನ್ಯವಾಗಿ ಹೀಗೆ ನಿದ್ದೆ ಕೆಡಿಸುವಷ್ಟು ನೋಯಲ್ಲ, ನೋಯುತ್ತಿದ್ದರೆ ಒಳಗೆ ಏನೋ ಇದೆ ಅಂತ ಹುಡುಕಬೇಕು ಅಂದರು. ಬೋನ್ ಸ್ಕ್ಯಾನ್ ಮಾಡಿಸಿದರು. ಕೈಗೆ ಇಂಜೆಕ್ಷನ್ ಕೊಟ್ಟು, ಮೂರು ಗಂಟೆ ಕಾಯಿಸಿ, ಮೈಯೆಲ್ಲಾ ಫೋಟೋ ತೆಗೆದರು. ಸೊಂಟದ ಮೂರನೇ ಮೂಳೆಯ ಎಡಗಡೆ ಒಂದು ಕಪ್ಪು ಚುಕ್ಕೆ. ಆ ಜಾಗಕ್ಕೆ ಮಾತ್ರ ತೆಳು ತೆಳುವಾಗಿ ಸಿಟಿ ಮಾಡಿದಾಗ, ಮೂಳೆಯ ಹಿಂಬದಿಯ ಕಮಾನಿನಲ್ಲಿ 8 ಮಿಲಿಮೀಟರ್‌ನ ಒಂದು ಉಂಗುರ, ನಡುವೆ ಬಿಳಿ ಚುಕ್ಕೆ. ಆಸ್ಟಿಯಾಯ್ಡ್ ಆಸ್ಟಿಯೋಮಾ ಅನ್ನುವ ಮೂಳೆಯ ಪುಟ್ಟ ಗಡ್ಡೆ. "ಇದಕ್ಕೆ ನೈಡಸ್ ಅಂತೀವಿ, ಲ್ಯಾಟಿನ್‌ನಲ್ಲಿ ಗೂಡು ಅಂತ ಅರ್ಥ" ಅಂದರು.

ಗಡ್ಡೆ ಅಂದ ತಕ್ಷಣ ನಾನು ಕೇಳಿದ್ದು ಕ್ಯಾನ್ಸರಾ ಅಂತ. ಅಲ್ಲ, ಹರಡಲ್ಲ ಅಂದರು. ಆದರೆ ಅದು ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕವನ್ನು ಸುರಿಸುತ್ತಾ ಇರುತ್ತೆ, ಅದರಿಂದಲೇ ಆ ನೋವು, ಆ ಮಾತ್ರೆ ಅದು ಹುಟ್ಟೋದನ್ನೇ ತಡೆಯೋದರಿಂದ ಅಷ್ಟು ಚೆನ್ನಾಗಿ ಕೆಲಸ ಮಾಡುತ್ತಿತ್ತು. ನೋವಿಗೆ ಆ ಕಡೆಯ ಸ್ನಾಯು ಬಿಗಿದು ಬೆನ್ನು ಸೊಟ್ಟ ಆಗಿದ್ದು. ತುಂಬಾ ತಡ ಮಾಡಿದ್ದರೆ ಸೊಟ್ಟ ಹಾಗೇ ಉಳಿಯಬಹುದಿತ್ತಂತೆ.

ಸೂಜಿ ಚುಚ್ಚಿ 90 ಡಿಗ್ರಿ ಶಾಖದಲ್ಲಿ ಸುಡುವ ವಿಧಾನವೂ ಇದೆ. ನಮ್ಮ ಹುಡುಗಿಯದು ನರಕ್ಕೆ ತೀರಾ ಹತ್ತಿರ, ನಡುವೆ ಮೂಳೆಯ ಗೋಡೆಯೇ ಇಲ್ಲ, ಬೇಡ ಅಂದರು.

ಆಪರೇಷನ್ ಎರಡೂವರೆ ಗಂಟೆ. ಥಿಯೇಟರ್‌ನಲ್ಲೇ ಎಕ್ಸ್‌ರೇ ಹಿಡಿದು ಮೂಳೆ ಎಣಿಸಿ, ಪುಟ್ಟ ಡ್ರಿಲ್‌ನಿಂದ ಮೇಲ್ಪದರ ಸವೆಸಿ, ಗೂಡನ್ನು ಕೆರೆದು ತೆಗೆದರಂತೆ. ಕೀಲು ಉಳಿದಿದ್ದರಿಂದ ಸ್ಕ್ರೂ, ರಾಡ್ ಬೇಕಾಗಲಿಲ್ಲ. ನಾನು ಹೊರಗೆ ಮೂರು ಟೀ ಕುಡಿದೆ, ಒಂದರ ರುಚಿಯೂ ನೆನಪಿಲ್ಲ.

ಸಂಜೆ ಕಣ್ಣು ಬಿಟ್ಟವಳು, "ಅಪ್ಪಾ, ಗಾಯ ನೋಯ್ತಿದೆ, ಆದ್ರೆ ಆ ನೋವು ಇಲ್ಲ" ಅಂದಳು. ರಾತ್ರಿ ಎರಡಕ್ಕೆ ನನಗೇ ಎಚ್ಚರ ಆಯ್ತು. ಅವಳು ಮಲಗಿದ್ದಳು.

ಮರುದಿನ ರೌಂಡ್ಸ್‌ಗೆ ಬಂದ ಡಾಕ್ಟರನ್ನು ಕೇಳಿದಳು, "ಗೂಡು ಎಲ್ಲಿ ಸಾರ್, ಒಳಗೆ ಹುಳ ಇತ್ತಾ?" ಲ್ಯಾಬಿಗೆ ಕಳಿಸಿದ್ದೀವಿ ಅಂತ ನಕ್ಕರು. ರಿಪೋರ್ಟ್‌ನಲ್ಲೂ ಅದೇ ಹೆಸರು ಬಂತು.

ಬೆನ್ನು ನೆಟ್ಟಗಾಗೋಕೆ ಐದಾರು ತಿಂಗಳು ಹಿಡಿಯಿತು. ಅವಳು ವಾಲುತ್ತಿದ್ದಾಗ ಯೂನಿಫಾರ್ಮ್ ಫ್ರಾಕ್ ಒಂದು ಕಡೆ ಇಳಿಬೀಳುತ್ತಿತ್ತು ಅಂತ ನನ್ನ ಹೆಂಡತಿ ಆ ಕಡೆ ಅಂಚು ಮಡಚಿ ಹೊಲಿದಿದ್ದಳು. ಒಂದು ಬೆಳಗ್ಗೆ ನೋಡಿದರೆ ಆ ಕಡೆಯೇ ಮೇಲೆ ನಿಂತಿದೆ. ಬಸ್ಸಿಗೆ ಹೊತ್ತಾಗುತ್ತೆ ಅಂತ ಅವಳು ಗಲಾಟೆ ಮಾಡುತ್ತಿದ್ದರೂ ಬಿಡದೆ, ಬಾಗಿಲಲ್ಲೇ ನಿಲ್ಲಿಸಿ ಆ ಹೊಲಿಗೆ ಬಿಚ್ಚಿದೆವು.