ಸಿಗುರ್ಡ್ ನಿಜವಾಗ್ಲೂ ರಾಜನ ಮಗನಾ?

‘ಸಿಗುರ್ಡ್ ಸ್ಲೆಂಬೆ’ ನಾಟಕದ ಮಾತೆತ್ತಿದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ನಾರ್ವೆಯ ಬ್ಯೋರ್ನ್‌ಸ್ಟ್ಯೆರ್ನೆ ಬ್ಯೋರ್ನ್‌ಸನ್ 1862ರಲ್ಲಿ ಪ್ರಕಟಿಸಿದ ಮೂರು ಭಾಗಗಳ ನಾಟಕ ಅದು. ನಾನು ಬರಿಗಾಲ ಮ್ಯಾಗ್ನಸ್ ದೊರೆಯ ಮಗ, ಪಟ್ಟದಲ್ಲಿ ನನಗೂ ಪಾಲು ಬೇಕು ಎಂದು 12ನೇ ಶತಮಾನದಲ್ಲಿ ಎದ್ದು ನಿಂತವನ ಕತೆ.

ನಾಟಕದಲ್ಲಾದರೆ ಹೌದು, ಮಗನೇ. ಮೊದಲ ಭಾಗದಲ್ಲೇ ತಾಯಿ ಥೋರಾ ಗುಟ್ಟು ಬಿಚ್ಚುತ್ತಾಳೆ. ಇತಿಹಾಸದಲ್ಲಿ ಅದನ್ನು ಈಗ ಯಾರೂ ರುಜುವಾತು ಮಾಡಲಾರರು. ಅಲ್ಲಿ ಆಗ ಮದುವೆಯಾಚೆ ಹುಟ್ಟಿದ ಮಗನಿಗೂ ಸಿಂಹಾಸನದ ಹಕ್ಕಿತ್ತು. ಅಪ್ಪ ಸತ್ತಿದ್ದರೆ ಸಾಕ್ಷಿ ಹೇಳಬೇಕಾದ್ದು ಕಾದ ಕಬ್ಬಿಣ, ಸುಡದಿದ್ದರೆ ಮಾತು ನಿಜ! ಗದ್ದುಗೆ ಮೇಲಿದ್ದ ಹಾರಾಲ್ಡ್ ಗಿಲ್ಲೆಯೂ ಹೀಗೇ ಐರ್ಲೆಂಡ್ ಕಡೆಯಿಂದ ಬಂದವನು. ಕೆಂಪಗೆ ಕಾದ ನೇಗಿಲ ಗುಳಗಳ ಮೇಲೆ ನಡೆದು, ತಾನು ಅದೇ ಮ್ಯಾಗ್ನಸ್‌ನ ಮಗ ಎಂದು ಒಪ್ಪಿಸಿದ್ದ. ಅಂಥವನ ಮುಂದೆ ಇನ್ನೊಬ್ಬ ‘ತಮ್ಮ’ ಬಂದು ನಿಂತರೆ ಹೇಗಿರುತ್ತೆ ಹೇಳಿ?

ಮುಂದಿನದನ್ನು 13ನೇ ಶತಮಾನದ ಐಸ್‌ಲ್ಯಾಂಡಿನ ಚರಿತ್ರಕಾರ ಸ್ನೋರಿ ಸ್ಟುರ್ಲುಸನ್ ತನ್ನ ಸಾಗಾದಲ್ಲಿ, ಅಂದರೆ ರಾಜರ ಕಥನದಲ್ಲಿ, ಕಣ್ಣಿಗೆ ಕಟ್ಟುವಂತೆ ಹೇಳುತ್ತಾನೆ. ಹಾರಾಲ್ಡ್‌ನ ಜನ ಸಿಗುರ್ಡ್‌ನನ್ನು ದೋಣಿ ಹತ್ತಿಸುತ್ತಾರೆ. ಮುಗಿಸಲು ಅಂತ ಅವನಿಗೆ ತಿಳಿಯುತ್ತದೆ. ಇಬ್ಬರನ್ನು ಅಪ್ಪಿ ಹಿಡಿದು ನೀರಿಗೆ ಹಾರುತ್ತಾನೆ, ಮುಳುಗಿ ಈಜಿ ದಡ ಸೇರುತ್ತಾನೆ. ಆಮೇಲೆ 1136ರ ಚಳಿಗಾಲ, ಬೆರ್ಗೆನ್. ಹಾಸಿಗೆಯಲ್ಲಿ ಮಲಗಿದ್ದ ಹಾರಾಲ್ಡ್‌ನನ್ನು ಕೊಲ್ಲಿಸುತ್ತಾನೆ.

ನನ್ನ ಉತ್ತರ ಇರುವುದು ಇಲ್ಲಿ. ಕೊಲೆ ಮುಗಿಸಿ ದೋಣಿಯಲ್ಲಿ ನಿಂತು, ನನ್ನನ್ನು ರಾಜ ಅಂತ ಒಪ್ಪಿಕೊಳ್ಳಿ ಎಂದು ಊರವರನ್ನು ಕೇಳುತ್ತಾನೆ. ಅವರ ತರ್ಕ ನೋಡಿ: ಸತ್ತವನು ನಿನ್ನ ಒಡಹುಟ್ಟಿದವನಾದರೆ, ಅಂಥ ಕೊಲೆಗಾರನಿಗೆ ನಾವು ತಲೆಬಾಗೋಲ್ಲ. ಅಲ್ಲವಾದರೆ ನೀನು ರಾಜನ ಮಗನೇ ಅಲ್ಲ. ಇದಕ್ಕೆ ಏನಂತ ಉತ್ತರ ಕೊಡುವುದು? ಅವನು ಮಗನೋ ಅಲ್ಲವೋ, ಆ ರಾತ್ರಿಯಿಂದಾಚೆ ಎರಡೂ ಒಂದೇ. ಅವನನ್ನು ಪೂರ್ತಿ ಖಳ ಅನ್ನಲು ಮಾತ್ರ ನನಗೆ ಮನಸ್ಸಿಲ್ಲ. ಮೊದಲು ನ್ಯಾಯವಾಗಿಯೇ ಕೇಳಿದ್ದ ಅಲ್ವಾ?

ಆಮೇಲೆ ಹಾರಾಲ್ಡ್ ಕಣ್ಣು ಕೀಳಿಸಿ ಮಠಕ್ಕೆ ತಳ್ಳಿದ್ದ ಮಾಜಿ ರಾಜ, ಇನ್ನೊಬ್ಬ ಮ್ಯಾಗ್ನಸ್‌ನನ್ನು (ಬರಿಗಾಲ ಮ್ಯಾಗ್ನಸ್ ಅಲ್ಲ) ಹೊರತಂದು, ಅವನ ಹೆಸರಲ್ಲಿ ಯುದ್ಧ ಮಾಡುತ್ತಾನೆ. 1139ರಲ್ಲಿ ಹೊಲ್ಮೆನ್‌ಗ್ರೋ ಕಾಳಗದಲ್ಲಿ ಮ್ಯಾಗ್ನಸ್ ಸಾಯುತ್ತಾನೆ. ಸಿಗುರ್ಡ್ ಸೆರೆಸಿಕ್ಕು ಚಿತ್ರಹಿಂಸೆಯಲ್ಲಿ ಸಾಯುತ್ತಾನೆ.

ಅಂದ ಹಾಗೆ, ನಾರ್ವೆಯ ಸಂಗೀತಕಾರ ಗ್ರೀಗ್ ಸಂಗೀತ ಕೊಟ್ಟಿದ್ದು ಇದಕ್ಕಲ್ಲ. ಅದು ಬ್ಯೋರ್ನ್‌ಸನ್‌ನದೇ ‘ಸಿಗುರ್ಡ್ ಯೊರ್ಸಲ್‌ಫಾರ್’, ಜೆರುಸಲೇಮಿಗೆ ಹೋಗಿಬಂದ ರಾಜನ ನಾಟಕ. ಎರಡನ್ನೂ ಕಲಸಿಕೊಳ್ಳುವವರು ಜಾಸ್ತಿ.