ಕೋಲಕ್ಕೆ ತೆಗೆದಿಟ್ಟ ಮಲ್ಲಿಗೆ

ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ಕ್ರೂಸ್ ಹಡಗುಗಳು ಬರತೊಡಗುತ್ತವೆ. ಬೆಳಿಗ್ಗೆ ಬಂದ ಹಡಗು ಹೆಚ್ಚಾಗಿ ಅದೇ ದಿನ ಸಂಜೆ ಹೊರಡುತ್ತದೆ. ನಡುವೆ ಸಿಗುವ ಐದಾರು ಗಂಟೆಯಲ್ಲಿ ಬಸ್ ತುಂಬ ಜನರಿಗೆ ನಮ್ಮ ಊರು ತೋರಿಸುವುದು ಗೈಡ್ ಆಗಿ ನನ್ನ ಕೆಲಸ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಸವಿಗಳನ್ನೆಲ್ಲ ಬಾಯಿಪಾಠ ಮಾಡಿದ್ದೆ. ಕದ್ರಿಯ ಲೋಕೇಶ್ವರ ವಿಗ್ರಹ 968, ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ 1865, ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಚಿತ್ರಕಾರ ಮೊಸ್ಕೆನಿ ಬಿಡಿಸಿದ ಚಿತ್ರಗಳು 1899ರಿಂದ 1901. ಅಷ್ಟು ಗೊತ್ತಿದ್ದರೆ ಸಾಕು ಅಂದುಕೊಂಡಿದ್ದೆ.

ನಮ್ಮ ದಾರಿ ಹೀಗಿತ್ತು: ಮೊದಲು ವಾಮಂಜೂರಿನ ಹತ್ತಿರದ ಪಿಲಿಕುಳ, ಆಮೇಲೆ ಪೇಟೆಯ ಮಾರ್ಕೆಟ್. ಪಿಲಿಕುಳದಲ್ಲಿ ತುಳುನಾಡಿನ ಹಳೆಯ ಗುತ್ತಿನ ಮನೆಯ, ಅಂದರೆ ಊರಿನ ದೊಡ್ಡ ಜಮೀನುದಾರರ ಮನೆಯ, ಮಾದರಿಯಿದೆ. ಚಾವಡಿಯ ಕೆತ್ತನೆಯ ಕಂಬಗಳನ್ನು ಸವರದೆ ಬಂದ ಅತಿಥಿಯನ್ನು ನಾನು ಕಂಡಿಲ್ಲ. ಪಕ್ಕದಲ್ಲೇ ಕುಶಲಕರ್ಮಿಗಳ ಗ್ರಾಮ. ಅಲ್ಲಿ ಕುಂಬಾರರು ತಿಗರಿ ತಿರುಗಿಸಿ ತೋರಿಸುತ್ತಾರೆ, ಬಂದವರ ಕೈಗೂ ಮಣ್ಣು ಕೊಡುತ್ತಾರೆ. ಮುಟ್ಟಿ ನೋಡಲಿ ಎಂದೇ ಇರುವ ಜಾಗ ಅದು. ಅದೇ ಕೈಗಳನ್ನು ಒಂದು ಮಾತೂ ಹೇಳದೆ ನೇರ ಮಾರ್ಕೆಟಿಗೆ ತಂದು ಬಿಡುತ್ತಿದ್ದೇನೆ ಎಂಬುದು ನನಗೆ ಹೊಳೆದೇ ಇರಲಿಲ್ಲ.

ಆ ದಿನ ನಾವು ಪೇಟೆಗೆ ಬಂದಾಗ ಮಧ್ಯಾಹ್ನ ಹತ್ತಿರವಾಗಿತ್ತು. ಉಡುಪಿ ಬಳಿಯ ಶಂಕರಪುರದ ಕಡೆಯ ಮನೆಗಳಲ್ಲಿ ಬೆಳಿಗ್ಗೆ ಕೊಯ್ದು, ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ಬಂದಿಳಿಯುವ ಹೊತ್ತು. ಹೂವಿನ ಅಕ್ಕ ಬಾಳೆಎಲೆಯ ಕಟ್ಟು ಬಿಚ್ಚುತ್ತಿದ್ದರು. ಮಲ್ಲಿಗೆಯ ಲೆಕ್ಕ ಅಟ್ಟೆಯಲ್ಲಿ. ಒಂದು ಚೆಂಡಿಗೆ 800 ಮೊಗ್ಗು, 4 ಚೆಂಡು ಸೇರಿದರೆ ಒಂದು ಅಟ್ಟೆ. ನೀರು ಚಿಮುಕಿಸಿ ಒಂದು ಅಟ್ಟೆಯನ್ನು ಅವರು ಬದಿಗೆ ಬೇರೆ ಇಟ್ಟಿದ್ದರು. ನಾನು ಬೆನ್ನು ತಿರುಗಿಸಿ ನಿಂತು, ಎದುರಿನ ಮಾಡು ತೋರಿಸುತ್ತಾ ಮಂಗಳೂರು ಹಂಚಿನ ಕಥೆ ಹೇಳುತ್ತಿದ್ದೆ.

ತಿರುಗಿ ನೋಡುವಾಗ ನಮ್ಮ ಗುಂಪಿನ ಹಿರಿಯ ಹೆಂಗಸೊಬ್ಬರು ಆ ಅಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಮುಖವನ್ನೇ ಹುದುಗಿಸಿ, ಕಣ್ಣು ಮುಚ್ಚಿ ಮೂಸುತ್ತಿದ್ದರು. ಅಷ್ಟು ಸಂತೋಷದ ಮುಖ ನಾನು ನೋಡಿದ್ದು ಕಡಿಮೆ. ಅಕ್ಕನ ಮುಖ ಮಾತ್ರ ಬಾಡಿತ್ತು.

ಕೋಲದಲ್ಲಿ, ಅಂದರೆ ದೈವದ ಆರಾಧನೆಯಲ್ಲಿ, ದೈವಕ್ಕೆ ಕೊಡುವ ಹೂವನ್ನು ಮೂಸಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಕಡಲಾಚೆಯಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು? ಹೇಳಬೇಕಾದವನು ನಾನು. ಓಡಿ ಹೋಗಿ ದುಡ್ಡು ತೆಗೆದೆ. ಅಕ್ಕ ಬೈಯಲಿಲ್ಲ.

"ದುಡ್ಡು ಕೊಟ್ರೆ ಆಯ್ತಾ ಅಣ್ಣ? ಕೋಲಕ್ಕೆ ಹೇಳಿಟ್ಟ ಹೂ ಅದು. ಈಗ ಅವರು ಬಂದ್ರೆ ನಾನು ಎಂತ ಹೇಳುದು?"

ಆ ಮೇಲೆ ಅವರು ಅಕ್ಕಪಕ್ಕದ ಅಂಗಡಿಗಳಿಗೆ ಹೋಗಿ ಚೆಂಡು ಚೆಂಡಾಗಿ ಕೇಳಿ ತಂದು ಇನ್ನೊಂದು ಅಟ್ಟೆ ಹೊಂದಿಸಿದರು. ಅಷ್ಟು ಹೊತ್ತು ಅವರ ವ್ಯಾಪಾರ ನಿಂತಿತ್ತು. ಜೊತೆಗೆ ನಮ್ಮ ಮೂವತ್ತು ಜನ ಅಂಗಡಿಗೆ ಅಡ್ಡ ನಿಂತಿದ್ದರಿಂದ ಎರಡು ಗಿರಾಕಿಗಳು ಹೊರಗಿನಿಂದಲೇ ತಿರುಗಿ ಹೋದರು. ಅದನ್ನೂ ನಾನು ನೋಡಿದ್ದು ಅವತ್ತೇ.

ಬಸ್ಸಿನಲ್ಲಿ ಆ ಹಿರಿಯ ಹೆಂಗಸಿಗೆ ವಿಷಯ ತಿಳಿಸಿದೆ. ಹಿಂದೆ ಹೋಗಿ ಕ್ಷಮೆ ಕೇಳುತ್ತೇನೆ ಅಂದರು. ಹಡಗು ಹತ್ತುವ ಹೊತ್ತಾಗಿತ್ತು, ಆಗಲಿಲ್ಲ. ಮರುದಿನ ನಾನೇ ಹೋದೆ. ನಿಮ್ಮ ಅಂಗಡಿಗೆ ಜನರನ್ನು ಹೇಗೆ ಕರೆತರಬೇಕು ಎಂದು ಕೇಳಿದೆ. ಆರು ಜನಕ್ಕಿಂತ ಹೆಚ್ಚು ಬೇಡ, ಬುಟ್ಟಿ ಬಂದು ಅರ್ಧ ಗಂಟೆ ಕಳೆಯಲಿ, ಕೇಳದೆ ಫೋಟೋ ತೆಗೆಯುವುದು ಬೇಡ ಅಂದರು. ಅಷ್ಟು ವರ್ಷ ಅವರ ಅಂಗಡಿಯ ಮುಂದೆ ಓಡಾಡಿದ್ದರೂ ನಾನು ಇದನ್ನು ಕೇಳಿರಲಿಲ್ಲ.

ಈಗ ಪಿಲಿಕುಳದಿಂದ ಪೇಟೆಗೆ ಬರುವ ದಾರಿಯಲ್ಲಿ ಇಸವಿ ಹೇಳುವುದಿಲ್ಲ. ನೀವು ಈವರೆಗೆ ನೋಡಿದ್ದು ನಿಮಗಾಗಿ ಕಟ್ಟಿದ ಹಳ್ಳಿ, ಈಗ ಹೋಗುತ್ತಿರುವುದು ಬೇರೆಯವರ ದುಡಿಮೆಯ ಜಾಗಕ್ಕೆ ಎಂದು ಮೊದಲು ಹೇಳುತ್ತೇನೆ. ಹೂವು ಯಾಕೆ ಮೂಸಬಾರದು ಎಂಬುದನ್ನು ಹೇಳಿದರೆ ಅವರ ಪ್ರಶ್ನೆಗಳು ಪೇಟೆ ಸಿಗುವವರೆಗೂ ಮುಗಿಯುವುದಿಲ್ಲ. ದೈವ ಯಾರು, ಕೋಲ ಎಂದರೇನು, ರಾತ್ರಿಯೆಲ್ಲ ಯಾಕೆ ನಡೆಯುತ್ತದೆ. ಹಂಚಿನ ಕಥೆಗೆ ಯಾರೂ ಇಷ್ಟು ಕೇಳಿದ್ದಿಲ್ಲ. ಕೊನೆಗೆ ಒಂದು ತುಳು ಪದ ಕಲಿಸುತ್ತೇನೆ: "ಏತ್?" ಅಂದರೆ ಎಷ್ಟು. ಕೈಗೆ ಚಿಲ್ಲರೆ ನೋಟು ಕೊಟ್ಟು, ಮೊದಲು ಏನಾದರೂ ಕೊಳ್ಳಿ, ಆಮೇಲೆ ಮಾತಾಡಿ ಅನ್ನುತ್ತೇನೆ.

ಕಳೆದ ಸೀಸನ್ನಿನಲ್ಲಿ ಆರು ಜನ ಕೈ ಹಿಂದೆ ಕಟ್ಟಿಕೊಂಡು ಆ ಅಂಗಡಿಯ ಮುಂದೆ ಬಗ್ಗಿ ನಿಂತಿದ್ದರು. "ಅಕ್ಕ, ಏತ್?" ಅಂದ ಒಬ್ಬ ಹುಡುಗ. ಅಕ್ಕ ನಕ್ಕು, ಮೂಲೆಯಲ್ಲಿ ಸಣ್ಣ ಬಾಳೆಎಲೆಯ ಮೇಲೆ ಇಟ್ಟಿದ್ದ ಗೇಣುದ್ದದ ಮಾಲೆ ತೆಗೆದು ಅವನ ಮೂಗಿನ ಹತ್ತಿರ ಹಿಡಿದರು.

"ಇದು ಮೂಸ್ಲಿಕ್ಕೆ ಅಂತ ಬೇರೆ ಇಟ್ಟಿದ್ದೇನೆ" ಅಂದರು ನನ್ನ ಕಡೆ ತಿರುಗಿ.