ಬಿಸಿಲಿಗೆ ಏಳುವ ಜೀನ್

ಮಧ್ಯಾಹ್ನ ರಾಯಚೂರು ಬಿಸಿಲಿಗೆ ಹೆದರಿ ಫ್ಯಾನ್ ಕೆಳಗೆ ಕೂತು ಬ್ಯಾಕ್ಟೀರಿಯಾ ಬಗ್ಗೆ ಓದಿದೆ. ಸುಮ್ನೆ.

ಸ್ಯೂಡೊಮೊನಾಸ್ ಏರುಜಿನೋಸಾ ಅಂತ ಒಂದು ರೋಗ ತರುವ ಬ್ಯಾಕ್ಟೀರಿಯಾ ಇದೆ. ರ‍್ಯಾಮ್ನೋಲಿಪಿಡ್ ಮಾಡುತ್ತದೆ. ಸೋಪಿನ ಹಾಗೆ ಜಿಡ್ಡು ಬಿಡಿಸುವ ವಸ್ತು.

ಮಜಾ ಇರೋದು ಅದನ್ನು ಮಾಡಿಸುವ ಜೀನ್‌ನ ನಕಲಾದ ಆರ್‌ಎನ್‌ಎಯಲ್ಲಿ. ತಣ್ಣಗಿದ್ದರೆ ಮಡಚಿಕೊಂಡಿರುತ್ತದೆ. ಅದನ್ನು ಓದಿ ಪ್ರೋಟೀನ್ ಕಟ್ಟುವ ರೈಬೋಸೋಮ್ ಬಂದು ಕೂರಬೇಕಾದ ಜಾಗವೇ ಮಡಿಕೆಯೊಳಗೆ ಮುಚ್ಚಿಹೋಗಿರುತ್ತದೆ. 37 ಡಿಗ್ರಿ ಹತ್ತಿರ ಬಂದರೆ ಮಡಿಕೆ ಬಿಚ್ಚುತ್ತದೆ, ಕೆಲಸ ಶುರು!

ಲ್ಯಾಬಿನವರು ಈ ಜೀನನ್ನೇ ಮಡಿಕೆ ಸಮೇತ ಸ್ಯೂಡೊಮೊನಾಸ್ ಪುಟಿಡಾ ಅನ್ನೋ ಸಾಧು ಬ್ಯಾಕ್ಟೀರಿಯಾಗೆ ಹಾಕಿದ್ದಾರೆ. 30 ಡಿಗ್ರಿಯಲ್ಲಿ ಕಡಿಮೆ, ಬಿಸಿ ಏರಿಸಿದರೆ ಜಾಸ್ತಿ. ದುಬಾರಿ ಕೆಮಿಕಲ್ ಸುರಿದು ಜೀನ್ ಎಬ್ಬಿಸುವ ರಗಳೆ ಬೇಡ. ನಮ್ಮೂರಲ್ಲಾದರೆ ಹೀಟರ್ ಖರ್ಚೂ ಉಳೀತದೆ, ಅಲ್ವಾ? ತಣ್ಣಗಿಡೋದೇ ಕಷ್ಟ.

ಒಂದೇ ತಲೆನೋವು. ಬ್ಯಾಕ್ಟೀರಿಯಾಗೆ ಬೇಕಾದ ಗಾಳಿ ಊದಿದಷ್ಟೂ ನೊರೆ ಟ್ಯಾಂಕ್ ತುಂಬಿ ಉಕ್ಕುತ್ತದೆ.